ಎರಡು ಸಲ ತಟ್ಟಿದ ಮೇಲೆ

ಸೀಮೆಎಣ್ಣೆ ಹಾಕಿದ ಅಗಲ ತಟ್ಟೆಯಲ್ಲಿ ಬೋಲ್ಟುಗಳು ಮುಳುಗಿದ್ದವು. ಅಪ್ಪ ಒಂದೊಂದನ್ನೇ ಹೆಕ್ಕಿ, ಹಲ್ಲುಜ್ಜಿ ಸವೆದುಹೋದ ಬ್ರಷ್ಷಿನಿಂದ ತಿಕ್ಕಿ, ಮರಳು ಬಿಟ್ಟಿತೋ ಇಲ್ಲವೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮಗಳ ಕಡೆಗೆ ಚಾಚುತ್ತಿದ್ದ. ಅವಳು ಅದನ್ನು ಹಳೆಯ ಬನಿಯನ್ನಿನ ತುಂಡಿನಲ್ಲಿ ಒರೆಸಿ, ಹಾಸಿದ ಪೇಪರಿನ ಮೇಲೆ ಉದ್ದ ನೋಡಿ ಸಾಲಾಗಿ ಜೋಡಿಸುತ್ತಿದ್ದಳು. ಅರ್ಧ ಗಂಟೆಯಿಂದ ಇಬ್ಬರ ಬಾಯಿಂದಲೂ ಒಂದು ಮಾತು ಹೊರಟಿರಲಿಲ್ಲ.

ಬೇರೆ ದಿನವಾಗಿದ್ದರೆ ಅಪ್ಪ ಹೀಗೆ ತುಟಿ ಹೊಲಿದುಕೊಂಡು ಕೂರುವ ಆಸಾಮಿಯಲ್ಲ. ಪ್ರತಿ ಬೋಲ್ಟಿಗೂ ಅವನ ಹತ್ತಿರ ಒಂದು ಕತೆ ಇತ್ತು. ಇದು ಗುಜರಿಗೆ ಹೋದ ಲಾರಿಯದು, ಇದನ್ನು ನಾನೇ ಲೇತಿನಲ್ಲಿ ಕಡೆದದ್ದು, ಇದು ನಿನ್ನಮ್ಮನ ಹೊಲಿಗೆ ಮಿಷಿನ್ನಿಂದ ಬಿಚ್ಚಿದ್ದು, ಅವಳಿಗೆ ಇನ್ನೂ ಗೊತ್ತಿಲ್ಲ, ನೀನೂ ಹೇಳಬೇಡ. ಆ ಭಾನುವಾರ ಮಾತ್ರ ಬ್ರಷ್ಷಿನ ಸದ್ದು ಬಿಟ್ಟರೆ ಶೆಡ್ಡಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

ಶೆಡ್ಡಿನ ನಡುವೆ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಚಕ್ರವಿಲ್ಲದೆ ನಿಂತಿದ್ದಳು ದೊಡ್ಡಮ್ಮ. ದೊಡ್ಡಮ್ಮ ಎಂದರೆ ಕಾರು. ಮೂವತ್ತೈದು ವರ್ಷದ ಹಳೆಯ ನೀಲಿ ಕಾರು. ಅಗಲ ಸೊಂಟ, ದಪ್ಪ ಗಂಟಲು, ಕುಡಿದಷ್ಟೂ ತೀರದ ದಾಹ, ಬೆಳಿಗ್ಗೆ ಎಬ್ಬಿಸಿದರೆ ಒಂದೇ ಸಿಡುಕು. ಅದಕ್ಕೇ ಆ ಹೆಸರು. "ನನಗೆ ಒಡಹುಟ್ಟಿದ ಅಕ್ಕ ಇಲ್ಲ ಅನ್ನೋ ಕೊರಗನ್ನ ಅಪ್ಪ ಮಗಳು ಸೇರಿ ತೀರಿಸಿದ್ರಿ" ಎಂದು ಅಮ್ಮ ಮೂಗು ಮುರಿಯುತ್ತಿದ್ದಳು. ಈಗ ದೊಡ್ಡಮ್ಮನ ಚಾವಣಿಯ ಎಡಭಾಗ ಕುಸಿದು, ಬಾಗಿಲು ಸೊಟ್ಟಗಾಗಿ, ಒಂದು ದೀಪದ ಗುಳಿ ಖಾಲಿಯಾಗಿತ್ತು. ಹೊಟ್ಟೆಯೊಳಗಿನ ಮರಳು ಮೂರು ವಾರವಾದರೂ ಮುಗಿದಿರಲಿಲ್ಲ. ಎಲ್ಲಿ ಮುಟ್ಟಿದರೂ ಸುರ್ರೆಂದು ಒಂದು ಹಿಡಿ ಉದುರುತ್ತಿತ್ತು.

ಕೊನೆಯ ಬೋಲ್ಟನ್ನೂ ಕೊಟ್ಟು ಅಪ್ಪ ಎದ್ದ. ಕಾರಿನ ಹಿಂದಿನಿಂದ ಬಿಚ್ಚಿ ತೆಗೆದಿದ್ದ ಪ್ಯಾರಾಶೂಟಿನ ಡಬ್ಬಿಯನ್ನು ಶೆಡ್ಡಿನ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದ. ಬಟ್ಟೆಯನ್ನು ಮಡಿಸಿ ತುಂಬಿದ, ಸ್ಪ್ರಿಂಗು ಅದುಮಿದ, ಕೊಕ್ಕೆ ಹಾಕಿದ. ಆಮೇಲೆ ತಂತಿ ಹಿಡಿದೆಳೆದ. ಡಬ್ಬೆಂದು ಮುಚ್ಚಳ ಹಾರಿ ಹಳದಿ ಬಟ್ಟೆ ಅಂಗಳದ ತನಕ ಚಿಮ್ಮಿ ಬಿತ್ತು.

"ನೋಡು" ಎಂದ ಅಪ್ಪ. ಅದು ಆ ದಿನದ ಮೊದಲ ಮಾತು. "ಇದು ಇಪ್ಪತ್ತಮೂರನೇ ಸಲ. ಒಂದೇ ಒಂದು ಸಲ ಕೈ ಕೊಟ್ಟಿಲ್ಲ. ಅವತ್ತು ಮಾತ್ರ ಇದಕ್ಕೆ ಏನು ಬಂದಿತ್ತು, ಹೇಳು ಮರಿ?"

ಅವಳು ಬೋಲ್ಟುಗಳ ಸಾಲನ್ನು ಸರಿಮಾಡಿದಳು. ಸಾಲು ಮೊದಲೇ ಸರಿಯಾಗಿತ್ತು.

"ಹುಡುಕ್ತೀನಿ" ಎಂದ ಅಪ್ಪ, ಬಟ್ಟೆ ಬಾಚಿಕೊಳ್ಳುತ್ತ. "ಹುಳುಕು ಎಲ್ಲೋ ಇದೆ. ಸಿಗದೆ ಎಲ್ಲಿಗೆ ಹೋಗುತ್ತೆ? ಶನಿವಾರದೊಳಗೆ ಹುಡುಕ್ತೀನಿ. ಫಾರಂ ಅಲ್ಲಿಟ್ಟಿದ್ದೀನಿ, ಸೈನ್ ಹಾಕು."

ಮುಂದಿನ ತಿಂಗಳ ರೇಸಿನ ಫಾರಂ ಮೇಜಿನ ಮೇಲೆ ಒಂದು ಪಿಸ್ಟನ್ನಿನ ಕೆಳಗಿತ್ತು. ಅವಳ ಹೆಸರು, ವಯಸ್ಸು, ಕಾರಿನ ತೂಕ, ಎಲ್ಲವನ್ನೂ ಅಪ್ಪ ತನ್ನ ದುಂಡು ಅಕ್ಷರದಲ್ಲಿ ತುಂಬಿಸಿದ್ದ. ಸೈನ್ ಜಾಗ ಮಾತ್ರ ಖಾಲಿ. ಅವಳು ಸೈನ್ ಹಾಕಲೂ ಇಲ್ಲ, ಹಾಕುವುದಿಲ್ಲ ಎನ್ನಲೂ ಇಲ್ಲ. ಕೈ ತೊಳೆಯಬೇಕು ಎಂದು ಮನೆಯೊಳಗೆ ಹೋದಳು.

ಅವಳಿಗೆ ಮೂವತ್ತಾರು. ಕೆಲಸ ಜನರಿಗೆ ಕಾರು ಕಲಿಸುವುದು. ವಾರದ ಆರು ದಿನ ಎಡಗಡೆಯ ಸೀಟಿನಲ್ಲಿ ಕೂತು "ನಿಧಾನ, ನಿಧಾನ, ಎರಡೂ ಕೈ ಸ್ಟಿಯರಿಂಗ್ ಮೇಲೆ" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುತ್ತಿದ್ದಳು. ತಿಂಗಳಿಗೊಂದು ಭಾನುವಾರ ಊರಾಚೆಯ ಪಾಳುಬಿದ್ದ ವಿಮಾನಪಟ್ಟಿಗೆ ಹೋಗಿ ದೊಡ್ಡಮ್ಮನನ್ನು ಹುಚ್ಚು ಹಿಡಿದಂತೆ ಓಡಿಸುತ್ತಿದ್ದಳು. ಅಲ್ಲಿ ಬರುವವರೆಲ್ಲ ಅವಳ ಹಾಗೇ ಹವ್ಯಾಸಿಗಳು: ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಹಾಲಿನ ವ್ಯಾನಿನವನು, ಸೈಕಲ್ ಅಂಗಡಿ ಇಟ್ಟುಕೊಂಡ ಗಂಡ ಹೆಂಡತಿ. ಅವರು ಅವಳಿಗೆ ಇಟ್ಟ ಹೆಸರು ಟೀಚರ್. ಗೆದ್ದವರಿಗೆ ಸಿಗುತ್ತಿದ್ದದ್ದು ಒಂದು ತಗಡಿನ ಕಪ್ಪು. ಅದರಲ್ಲಿ ಅಮ್ಮ ಬಟ್ಟೆ ಕ್ಲಿಪ್ಪು ಹಾಕಿಡುತ್ತಿದ್ದಳು.

ಡ್ರ್ಯಾಗ್ ರೇಸೆಂದರೆ ಸುತ್ತುಬಳಸು ಏನೂ ಇಲ್ಲ. ಎರಡು ಕಾರು, ಅಕ್ಕಪಕ್ಕ, ಕಾಲು ಮೈಲಿ ನೇರ ದಾರಿ. ಹಸಿರು ದೀಪ ಹತ್ತಿದರೆ ಹೊರಡಬೇಕು. ದೊಡ್ಡಮ್ಮನಿಗೆ ಅಷ್ಟು ದೂರಕ್ಕೆ ಹತ್ತೂವರೆ ಸೆಕೆಂಡು ಸಾಕಿತ್ತು. ಹೋಗುವುದು ದೊಡ್ಡ ಮಾತಲ್ಲ, ನಿಲ್ಲುವುದೇ ದೊಡ್ಡ ಮಾತು. ಗೆರೆ ದಾಟುವಾಗ ಮುಳ್ಳು ಇನ್ನೂರರ ಮೇಲೆ ಇರುತ್ತಿತ್ತು. ಮುಂದಿನ ಪಟ್ಟಿ ಮೋಟು, ಅದರಾಚೆ ಮರಳಿನ ಗುಂಡಿ. ಬರೀ ಬ್ರೇಕನ್ನು ನಂಬುವಂತಿರಲಿಲ್ಲ. ಆದ್ದರಿಂದ ಗೆರೆ ದಾಟುತ್ತಿದ್ದ ಹಾಗೆ ಅವಳು ಪಕ್ಕದ ಲಿವರ್ ಎಳೆಯುತ್ತಿದ್ದಳು, ಹಿಂದಿನ ಡಬ್ಬಿಯಿಂದ ಪ್ಯಾರಾಶೂಟು ಬಿಚ್ಚಿಕೊಂಡು ಕಾರನ್ನು ಹಿಂದಕ್ಕೆ ಜಗ್ಗುತ್ತಿತ್ತು.

ಆ ಡಬ್ಬಿಗೆ ಒಂದು ಪಿನ್ನು. ಬೆರಳುದ್ದದ ಉಕ್ಕಿನ ಕಡ್ಡಿ, ತುದಿಗೆ ಕೆಂಪು ಪಟ್ಟಿ. ಕಾರು ಸುಮ್ಮನೆ ನಿಂತಿರುವಾಗ ಯಾರದೋ ಕೈತಾಗಿ ಪ್ಯಾರಾಶೂಟು ಚಿಮ್ಮದಿರಲಿ ಎಂದು ಇರುವಂಥದ್ದು. ಓಟಕ್ಕೆ ಮೊದಲು ಅದನ್ನು ಕೀಳಲೇಬೇಕು. ಕೀಳುವುದು ಅಪ್ಪನ ಕೆಲಸ. ಪಿನ್ನು ಕಿತ್ತು, ಅದನ್ನು ಅಂಗಿಯ ಗುಂಡಿಗೆ ನೇತುಹಾಕಿಕೊಂಡು, ಚಾವಣಿಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಇಂಜಿನ್ನಿನ ಆರ್ಭಟದಲ್ಲಿ ಮಾತು ಎಲ್ಲಿ ಕೇಳಬೇಕು? ಎರಡು ಸಲ ತಟ್ಟಿದರೆ ಪಿನ್ನು ಕಿತ್ತಾಯಿತು, ಹೋಗು ಎಂದು ಅರ್ಥ. ಹನ್ನೊಂದು ವರ್ಷದಲ್ಲಿ ಅವಳು ಒಂದು ದಿನವೂ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದವಳಲ್ಲ. ತಟ್ಟಿದ್ದು ತಲೆಯ ಮೇಲೆ ಕೈ ಇಟ್ಟ ಹಾಗೆ ಆಗುತ್ತಿತ್ತು.

ಮೂರು ವಾರದ ಹಿಂದೆ, ಕಾರು ಬಿದ್ದ ಆ ದಿನವೂ ಅಪ್ಪ ಪಿನ್ನು ಕಿತ್ತ, ಎರಡು ಸಲ ತಟ್ಟಿದ. ಅಷ್ಟರಲ್ಲಿ ಹಿಂದಿನ ಓಟದ ಕಾರು ದಾರಿಯಲ್ಲಿ ಎಣ್ಣೆ ಚೆಲ್ಲಿದೆ ಎಂದು ಕೆಂಪು ದೀಪ ಹಾಕಿದರು. ದೊಡ್ಡಮ್ಮನನ್ನು ಹಿಂದಕ್ಕೆ ತಳ್ಳಿದ್ದಾಯಿತು. ನಿಂತ ಕಾರಿಗೆ ಪಿನ್ನು ಇರಬೇಕೆಂದು ಅಪ್ಪನೇ ಅದನ್ನು ಮತ್ತೆ ಹಾಕಿದ. ಎಣ್ಣೆ ಒರೆಸಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಹಲ್ಲಿನ ಡಾಕ್ಟರು ಬಂದು ಅಪ್ಪನ ದವಡೆ ನೋಡಿದರು, ಅಮ್ಮ ಕಳಿಸಿದ ಫ್ಲಾಸ್ಕಿನ ಚಹಾ ಖಾಲಿಯಾಯಿತು. ಮತ್ತೆ ಕರೆ ಬಂತು. ಅಪ್ಪ ಎರಡು ಸಲ ತಟ್ಟಿದ. ಅವಳು ಹೋದಳು.

ಗೆರೆ ದಾಟಿ ಲಿವರ್ ಎಳೆದಳು. ಏನೂ ಆಗಲಿಲ್ಲ. ಮತ್ತೆ ಎಳೆದಳು. ಅದು ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲಾಡದೆ ನಿಂತಿತ್ತು. ತುಕ್ಕೋ ಮರಳೋ ಸಿಕ್ಕಿಕೊಂಡಿದೆ, ಜೋರಾಗಿ ಎಳೆದರೆ ಬಿಡುತ್ತದೆ ಅಂದುಕೊಂಡಳು. ಪಿನ್ನಿನ ಯೋಚನೆ ತಲೆಗೇ ಬರಲಿಲ್ಲ. ಸಾವಿರ ಜನಕ್ಕೆ ಎರಡೂ ಕೈ ಸ್ಟಿಯರಿಂಗ್ ಮೇಲೆ ಎಂದು ಪಾಠ ಹೇಳಿದವಳು, ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಿಂದ ಲಿವರ್ ಹಿಡಿದು ಜಗ್ಗಿದಳು. ಕಾಲು ಬ್ರೇಕಿನ ಮೇಲೇ ಇತ್ತು. ಹಿಂದಿನ ಚಕ್ರಗಳು ಜಾರಿದವು. ಮರಳಿನ ಗುಂಡಿ ಎದ್ದು ಬಂದು ಗಾಜಿಗೆ ಬಡಿಯಿತು.

ಕಾರು ಒಂದೂವರೆ ಸಲ ಮಗುಚಿತು. ಆಮೇಲೆ ಸದ್ದಡಗಿತು. ಅವಳು ಬೆಲ್ಟುಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಳು. ಬಾಯಿ ತುಂಬ ಮರಳು, ಮೂಗಿನ ತುಂಬ ಪೆಟ್ರೋಲಿನ ವಾಸನೆ. ಎಲ್ಲೋ ಟಪ್ ಟಪ್ ಎಂದು ಏನೋ ತೊಟ್ಟಿಕ್ಕುತ್ತಿತ್ತು. ಇನ್ನೊಂದು ಗಳಿಗೆಗೆ ಹೊತ್ತಿಕೊಳ್ಳುತ್ತದೆ ಎಂದುಕೊಂಡು ಅವಳು ಬೆಲ್ಟಿನ ಕೊಕ್ಕೆ ಹುಡುಕಿದಳು. ರೇಸಿನ ದಿನ ಹತ್ತು ಸಲ ಬಿಚ್ಚುವ ಕೊಕ್ಕೆ. ಅದು ಎಲ್ಲಿದೆ ಎಂಬುದೇ ಬೆರಳುಗಳಿಗೆ ಮರೆತುಹೋಗಿತ್ತು.

ಕೊನೆಗೂ ಬಿಚ್ಚಿಕೊಂಡು ಕಿಟಕಿಯಿಂದ ತೆವಳಿ ಹೊರಗೆ ಬಂದಾಗ ಸುತ್ತಲೂ ಧೂಳು. ಆ ಧೂಳಿನಲ್ಲಿ ಕಾರಿನ ಹಿಂಭಾಗಕ್ಕೆ ಹೋಗಿ ನೋಡಿದಳು. ಯಾಕೆ ಹೋದಳೋ ಅವಳಿಗೇ ಗೊತ್ತಿಲ್ಲ. ಡಬ್ಬಿಯ ಮೇಲೆ ಕೆಂಪು ಪಟ್ಟಿ ನೇತಾಡುತ್ತಿತ್ತು.

ಅದನ್ನು ಕಿತ್ತು ಕೈಗವಸಿನೊಳಗೆ ತುರುಕಿಕೊಂಡಳು. ಅಷ್ಟರಲ್ಲಿ ಧೂಳಿನಿಂದ ಅಪ್ಪ ಹೊರಬಂದ. ಅರವತ್ತೆಂಟರ ಮನುಷ್ಯ, ಇಡೀ ಪಟ್ಟಿ ಓಡಿ ಬಂದಿದ್ದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳ ಮುಖ, ತೋಳು, ಬೆನ್ನು ಎಲ್ಲವನ್ನೂ ಲೇತಿನಿಂದ ಈಗ ತಾನೇ ಇಳಿಸಿದ ವಸ್ತುವಿನಂತೆ ತಡವಿ ತಡವಿ ನೋಡಿ, "ಪ್ಯಾರಾಶೂಟು ಕೈ ಕೊಡ್ತು ಮರಿ, ಪ್ಯಾರಾಶೂಟು ಕೈ ಕೊಡ್ತು" ಎಂದ. ಅವಳು ಹೌದು ಎಂದು ತಲೆ ಆಡಿಸಿದಳು.

ಆ ಒಂದು ತಲೆಯಾಡಿಸುವಿಕೆ ಈಗ ಅವಳ ಕೊರಳಿಗೆ ಸುತ್ತಿಕೊಂಡಿತ್ತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೇಕರಿ ಅಕ್ಕನ ಪಾಠ. ಬೇಕರಿ ಅಕ್ಕನಿಗೆ ಐವತ್ತು ದಾಟಿತ್ತು. ಬ್ರೆಡ್ಡಿನ ವ್ಯಾನನ್ನು ತಾನೇ ಓಡಿಸಬೇಕೆಂಬ ಹಟ. ಎರಡು ತಿಂಗಳಿಂದ ಕಲಿಯುತ್ತಿದ್ದರೂ ಅವಳ ಕಾರನ್ನು ನಡೆದು ಹೋಗುವವರು ಹಿಂದೆ ಹಾಕುತ್ತಿದ್ದರು. ಆ ದಿನ ಮಾತ್ರ ಏನು ಹುರುಪು ಬಂದಿತ್ತೋ, ಖಾಲಿ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿದಳು. ಮುಳ್ಳು ನಲವತ್ತು ಮುಟ್ಟಿತು. "ಟೀಚರ್, ನಲವತ್ತು!" ಎಂದು ಕೂಗಿದಳು. ಅದೇ ಕ್ಷಣ ಕಾರು ಮುಗ್ಗರಿಸಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಅವಳ ಬ್ಯಾಗು ನೆಲಕ್ಕೆ ಬಿತ್ತು.

"ನಾನಲ್ಲ! ಟೀಚರ್, ನಿಮ್ಮಾಣೆ, ನಾನು ಬ್ರೇಕ್ ಮುಟ್ಟಿಲ್ಲ!"

ಮುಟ್ಟಿದ್ದು ಟೀಚರ್. ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಅವಳ ಬಲಗಾಲು ಕಟ್ಟಿಗೆಯಂತೆ ಸೆಟೆದು ನಿಂತಿತ್ತು. ಎದುರಿಗೆ ಒಂದು ನಾಯಿಯೂ ಇರಲಿಲ್ಲ. ಕಾಲು ತೆಗೆಯೋಣವೆಂದರೆ ಬರುತ್ತಿಲ್ಲ.

ಬೇಕರಿ ಅಕ್ಕ ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದುಕೊಟ್ಟಳು. "ಹೋದ ವಾರಾನೂ ಎರಡು ಸಲ ಹಿಂಗೇ ಮಾಡಿದ್ರಿ. ನಾನೇ ಏನೋ ತಪ್ಪು ಮಾಡ್ದೆ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ. ಅವತ್ತು ಬಿದ್ರಲ್ಲ, ಅದಾ?"

"ಅದೇ."

"ಇಲ್ನೋಡಿ." ಬೇಕರಿ ಅಕ್ಕ ತೋಳು ಮೇಲೆತ್ತಿ ಮೊಣಕೈಯವರೆಗಿನ ಸುಟ್ಟ ಕಲೆ ತೋರಿಸಿದಳು. "ಒಲೆ ಬಾಗಿಲು ಕಳಚಿ ಬಿದ್ದಿದ್ದು. ಒಂದು ವರ್ಷ ಒಲೆ ಕಡೆ ತಲೆ ಹಾಕಿಲ್ಲ. ತಟ್ಟೆ ಎಲ್ಲ ನನ್ನ ನಾದಿನೀನೇ ಒಳಗಿಡ್ತಿದ್ಲು. ಎಲ್ಲಾದನ್ನೂ ಕರಿ ಮಾಡ್ತಿದ್ಲು, ಪುಣ್ಯಾತ್ಗಿತ್ತಿ."

"ಆಮೇಲೆ ಮತ್ತೆ ಕೈ ಹಾಕಿದ್ರಾ?"

"ಹಾಕ್ದೇ ಏನು ಮಾಡೋದು, ಹೊಟ್ಟೆಪಾಡು. ನಿಮ್ಗೆ ಆ ರೇಸು ಹೊಟ್ಟೆಪಾಡಾ?"

"ಅಲ್ಲ."

"ಅಲ್ಲ ಅಂದ್ಮೇಲೆ ಬಿಟ್ಟಾಕಿ."

"ಬಿಡ್ತೀನಿ" ಎಂದಳು ಟೀಚರ್. ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮೂರು ವಾರ ಗಂಟಲಲ್ಲಿ ಮುಳ್ಳಾಗಿ ಕೂತಿದ್ದ ಮಾತು, ಬ್ರೆಡ್ಡು ಮಾರುವವಳ ಮುಂದೆ ನೀರು ಕುಡಿದ ಹಾಗೆ ಇಳಿದುಹೋಯಿತು. "ಬಿಡೋದು ಕಷ್ಟ ಅಲ್ಲಕ್ಕ. ಹೇಳೋದು ಕಷ್ಟ."

"ಯಾರಿಗೆ?"

ಟೀಚರ್ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. ಬೇಕರಿ ಅಕ್ಕ ಕಾರು ಶುರು ಮಾಡಿ, ಇಪ್ಪತ್ತರ ವೇಗದಲ್ಲಿ, ಗರ್ಭಿಣಿಯನ್ನು ಕರೆದೊಯ್ಯುವಂತೆ ಟೀಚರನ್ನು ಮನೆ ಬಾಗಿಲಿಗೆ ತಂದುಬಿಟ್ಟಳು.

ಬರೀ ಹೆದರಿಕೆಯಾಗಿದ್ದರೆ ಅಪ್ಪನಿಗೆ ಹೇಳಬಹುದಿತ್ತು. ಹೆದರಿಕೆ ಹೋಗಲಿ ಎಂದು ಆರು ತಿಂಗಳು ಕಾದು ಮತ್ತೆ ಕೂರಬಹುದಿತ್ತು. ಆದರೆ ಇನ್ನೊಂದು ವಿಷಯವಿತ್ತು. ಮತ್ತೆ ದೊಡ್ಡಮ್ಮನೊಳಗೆ ಕೂತರೆ, ಅಪ್ಪ ಎರಡು ಸಲ ತಟ್ಟಿದ ಮೇಲೆ, ಅವಳ ಕಣ್ಣು ಕನ್ನಡಿಗೆ ಹೋಗುತ್ತದೆ. ಹೋಗಬಾರದೆಂದು ಎಷ್ಟೇ ಅದುಮಿ ಹಿಡಿದರೂ ಹೋಗುತ್ತದೆ. ಅವಳು ನೋಡುವುದನ್ನು ಅಪ್ಪ ನೋಡುತ್ತಾನೆ. ನಲವತ್ತು ವರ್ಷ ಫ್ಯಾಕ್ಟರಿಯ ಲೇತಿನ ಮುಂದೆ ನಿಂತು ಕೂದಲೆಳೆಯ ವ್ಯತ್ಯಾಸ ಹಿಡಿದ ಕಣ್ಣು ಅದು. ಅದಕ್ಕೆ ಆ ಒಂದು ನೋಟ ಸಾಕು.

ಪಿನ್ನು ತೋರಿಸಿ ನಡೆದದ್ದನ್ನು ಹೇಳಿಬಿಡೋಣವೆಂದರೆ, ಪಿನ್ನೂ ಅವಳ ಕೈಯಲ್ಲಿರಲಿಲ್ಲ. ಆಸ್ಪತ್ರೆಯಿಂದ ಬಂದು ನಾಲ್ಕು ದಿನದ ಮೇಲೆ ಕೈಗವಸು ತಡಕಿದಾಗ ಅದು ಖಾಲಿಯಾಗಿತ್ತು. ಶೆಡ್ಡಿನಲ್ಲಿ ಬಿತ್ತೋ, ಅಪ್ಪನಿಗೇ ಸಿಕ್ಕಿತೋ? ಅಂದಿನಿಂದ ಅಪ್ಪ ತುಟಿ ಬಿಚ್ಚಿದಾಗೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು.

ಶೆಡ್ಡಿನ ಗೋಡೆ ಅದನ್ನು ಮರೆಯಲೂ ಬಿಡುತ್ತಿರಲಿಲ್ಲ. ಅಪ್ಪ ಗೋಡೆಯ ಹಲಗೆಗೆ ಮೊಳೆ ಹೊಡೆದು, ಒಂದೊಂದು ಉಪಕರಣದ ಸುತ್ತಲೂ ಬಿಳಿ ಬಣ್ಣದಲ್ಲಿ ಅದರ ಆಕಾರ ಬರೆದಿಟ್ಟಿದ್ದ. ಸುತ್ತಿಗೆಗೆ ಸುತ್ತಿಗೆಯ ಆಕಾರ, ಇಕ್ಕಳಕ್ಕೆ ಇಕ್ಕಳದ ಆಕಾರ. ಫ್ಯಾಕ್ಟರಿಯ ಅಭ್ಯಾಸ. ಏನು ವಾಪಸ್ ಬಂದಿಲ್ಲ ಎಂಬುದು ಒಂದೇ ನೋಟಕ್ಕೆ ಗೊತ್ತಾಗಬೇಕು. ಬಲತುದಿಯಲ್ಲಿ ಬೆರಳುದ್ದದ ಒಂದು ಕಡ್ಡಿ, ತುದಿಗೊಂದು ಪಟ್ಟಿಯ ಆಕಾರ. ಮೂರು ವಾರದಿಂದ ಆ ಮೊಳೆ ಖಾಲಿ. "ಓಡೋವಾಗ ಅಂಗಿಯಿಂದ ಎಲ್ಲೋ ಉದುರಿರಬೇಕು" ಎಂದಿದ್ದ ಅಪ್ಪ. ಮುರಿದ ಹಿಡಿಕೆಯನ್ನು ಸಹ ಎರಡು ದಿನದಲ್ಲಿ ಕಡೆದು ಕೂರಿಸುವವನು, ಹೊಸ ಪಿನ್ನು ಮಾತ್ರ ಇನ್ನೂ ಮಾಡಿರಲಿಲ್ಲ.

ಆ ಸಂಜೆ ಅವಳ ಅಂಗಿಯ ಗುಂಡಿ ಕಿತ್ತುಬಂತು. ಅಮ್ಮ ಹೊಲಿಗೆ ಮಿಷಿನ್ನಿನ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. "ಗುಂಡಿ ಡಬ್ಬಿ ಕೊಡಮ್ಮ" ಎಂದರೆ "ನಾನೇ ಹಚ್ಚಿಕೊಡ್ತೀನಿ, ಅಲ್ಲಿಡು" ಎಂದಳು. ಟೀಚರ್ ಕಿವಿಯ ಮೇಲೆ ಹಾಕಿಕೊಳ್ಳದೆ ಡಬ್ಬಿಯ ಮುಚ್ಚಳ ತೆಗೆದಳು. ಬಿಳಿ ಕಪ್ಪು ಗುಂಡಿಗಳ ನಡುವೆ, ಒಗೆದು ಇಸ್ತ್ರಿ ಮಾಡಿದ ಕೆಂಪು ಪಟ್ಟಿ ಪಿನ್ನಿನ ಸುತ್ತ ಸುರುಳಿ ಸುತ್ತಿಕೊಂಡು ಮಲಗಿತ್ತು.

ಮಿಷಿನ್ನು ನಿಂತಿತು.

"ಬಟ್ಟೆ ಒಗೆಯೋರಿಗೆ ಮನೆಯ ಗುಟ್ಟೆಲ್ಲ ಗೊತ್ತಿರುತ್ತೆ ಕಣೇ" ಎಂದಳು ಅಮ್ಮ, ತಿರುಗಿ ನೋಡದೆ. "ಕೈಗವಸು ನೆನೆಹಾಕಿದ್ರೆ ಇದು ಕೈಗೆ ಸಿಕ್ತು."

"ಇದೇನು ಅಂತ ನಿನಗೆ..."

"ಹನ್ನೊಂದು ವರ್ಷದಿಂದ ಊಟದ ತಟ್ಟೆ ಮುಂದೆ ನಿಮ್ಮಿಬ್ಬರ ಬಾಯಲ್ಲಿ ಬೇರೆ ಮಾತು ಬಂದಿದೆಯಾ? ನಾನೇನು ಕಿವುಡೀನಾ? ಅದು ಅವರ ಅಂಗಿ ಮೇಲೆ ಇರಬೇಕಾಗಿತ್ತು. ನಿನ್ನ ಕೈಗವಸಲ್ಲಿತ್ತು."

ಶೆಡ್ಡಿನ ಕಡೆಯಿಂದ ಡಬ್ಬೆಂದು ಸದ್ದು ಬಂತು. ಇಪ್ಪತ್ತನಾಲ್ಕು ಎಂದು ಟೀಚರ್ ಮನಸ್ಸಿನಲ್ಲೇ ಎಣಿಸಿದಳು.

"ಆ ಹಾಳು ಕಾರು ನಿಲ್ಲಲಿ ಅಂತ ನೀನು ಹೇಳದ ದಿನ ಇಲ್ಲ" ಎಂದಳು. "ಇದನ್ನ ತಗೊಂಡು ಹೋಗಿ ಅಪ್ಪನ ಮುಂದೆ ಇಟ್ಟಿದ್ರೆ ಅವತ್ತೇ ನಿಲ್ತಿತ್ತಲ್ಲಮ್ಮ. ಯಾಕೆ ಇಡಲಿಲ್ಲ?"

ಅಮ್ಮ ಹಲ್ಲಿನಿಂದ ದಾರ ಕಡಿದಳು. "ಕಾರು ನಿಲ್ಲಲಿ ಅಂದೆ. ಅವರು ನಿಲ್ಲಲಿ ಅಂದ್ನಾ?"

ಅಮ್ಮ ಡಬ್ಬಿ ಕಿತ್ತುಕೊಂಡು ಮುಚ್ಚಳ ಹಾಕಿದಳು. "ಅಂಗಿ ಬಿಚ್ಚಿ ಕೊಡು. ನೀನು ಹಚ್ಚಿದ ಗುಂಡಿ ಎರಡು ದಿನ ನಿಲ್ಲಲ್ಲ. ಮತ್ತೆ ನೋಡು, ಬಿಡೋದಾದ್ರೆ ನಿನ್ನ ಹೆಸರಲ್ಲಿ ಬಿಡು. ನನ್ನ ಅಳುವನ್ನ ಅಡ್ಡ ತರಬೇಡ. ನಾನು ಅತ್ತಿಲ್ಲ."

ಅತ್ತಿದ್ದಳು. ಆಸ್ಪತ್ರೆಯ ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು. ಅದು ಟೀಚರಿಗೆ ಗೊತ್ತಿತ್ತು. ಆದರೂ ಹೂಂ ಎಂದಳು.

ವಾರವೆಲ್ಲ ಅವಳು ಒಂದು ಸುಳ್ಳನ್ನು ಕೂಡಿಸಿದಳು. ಲಿವರ್ ನಾನೇ ಎಳೆಯಲಿಲ್ಲ, ಹೆದರಿ ಮರೆತೆ ಅಂತ ಹೇಳಿದರೆ ಸರಿ. ತಪ್ಪು ತನ್ನದಾಗುತ್ತದೆ. ಅಪ್ಪ ಆ ಡಬ್ಬಿಯನ್ನು ಹಿಂಸೆ ಮಾಡುವುದು ನಿಲ್ಲುತ್ತದೆ. ಲಿವರ್ ಎಳೆಯಲು ಮರೆಯುವವಳನ್ನು ಯಾವ ತಂದೆ ತಾನೆ ಮತ್ತೆ ಕಾರಿಗೆ ಹತ್ತಿಸುತ್ತಾನೆ? ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದಳು. ಒಂದು ಬಿರುಕೂ ಕಾಣಲಿಲ್ಲ.

ಶನಿವಾರ ಮಧ್ಯಾಹ್ನ ಶೆಡ್ಡಿಗೆ ಹೋದಾಗ ಅಪ್ಪ ದೊಡ್ಡಮ್ಮನ ಮುಂದಿನ ಚಕ್ರದ ಹತ್ತಿರ ಮೊಣಕಾಲೂರಿ ಕೂತು ನಟ್ಟು ಬಿಗಿಯುತ್ತಿದ್ದ. ಹಿಂದೆಯೇ ಅಮ್ಮ ಬಂದಳು. ಶೆಡ್ಡಿಗೆ ಎಂದೂ ಕಾಲಿಡದವಳು, ಅಡುಗೆಮನೆ ಸೆಖೆ ಎಂದು ಗೊಣಗುತ್ತ ಹೊಸ್ತಿಲ ಮೇಲೆ ಕೂತು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಆಲೂಗಡ್ಡೆ ಸುಲಿಯತೊಡಗಿದಳು.

"ಏನಿವತ್ತು, ಅಕ್ಕನನ್ನ ನೋಡೋಕೆ ಬಂದ್ಯಾ?" ಎಂದ ಅಪ್ಪ.

"ನಿಮ್ಮ ಕೆಲಸ ನೋಡಿ ನೀವು."

ಟೀಚರ್ ಮೇಜಿಗೆ ಒರಗಿ ನಿಂತಳು. "ಅಪ್ಪ, ಆ ಫಾರಂ ಕಳಿಸೋದು ಬೇಡ."

"ಸಂಜೆವರೆಗೂ ಟೈಮಿದೆ ಮರಿ."

"ಟೈಮಿನ ಮಾತಲ್ಲ. ನಾನು ಇನ್ನು ಓಡಿಸಲ್ಲ. ಈ ಸಲ ಅಂತ ಅಲ್ಲ. ಇನ್ಯಾವತ್ತೂ."

ಸ್ಪ್ಯಾನರ್ ತಿರುಗುವುದು ನಿಲ್ಲಲಿಲ್ಲ. "ಕೈ ಇನ್ನೂ ನೋಯುತ್ತಾ?"

"ಕೈ ವಾಸಿಯಾಗಿದೆ. ಹೆದರಿಕೆ ಆಗುತ್ತಪ್ಪ. ಪಾಠ ಹೇಳೋವಾಗ್ಲೂ ಆಗುತ್ತೆ. ನಲವತ್ತು ದಾಟಿದ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ."

"ಬಿದ್ದವರಿಗೆಲ್ಲ ಹಾಗೇನೇ. ಪ್ಯಾರಾಶೂಟಿನ ಹುಳುಕು ಸಿಗಲಿ, ನಿನ್ನ ಹೆದರಿಕೆ ಅರ್ಧ ಅಲ್ಲೇ ಹೋಗುತ್ತೆ. ಇನ್ನೆರಡು ದಿನ ಕೊಡು ನನಗೆ."

"ಅದರಲ್ಲಿ ಹುಳುಕಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಲಿವರ್ ನಾನು ಎಳೀಲೇ ಇಲ್ಲ. ಮರೆತೆ. ಅವತ್ತೇ ಹೇಳಬೇಕಾಗಿತ್ತು, ನಾಚಿಕೆಯಾಯ್ತು. ತಪ್ಪು ನಂದು."

ಈಗ ಸ್ಪ್ಯಾನರ್ ನಿಂತಿತು. ಅಪ್ಪ ಕೈಯೂರಿ ಎದ್ದ. ಏಳುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಮೇಲಿನ ಹಲಗೆಯಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಏನನ್ನೋ ತೆಗೆದು ಮೇಜಿನ ಮೇಲೆ ಬಿಚ್ಚಿದ. ಲಿವರ್ ಅದು. ಚಮಚದ ಹಿಡಿಯಂತೆ ಬಗ್ಗಿತ್ತು.

"ಇದನ್ನ ನಾನೇ ಮಾಡಿದ್ದು" ಎಂದ. "ಆರು ಮಿಲಿಮೀಟರ್ ದಪ್ಪ. ಕಾರು ಉರುಳಿದಾಗ ಬಗ್ಗಿದೆ ಅಂತ ಮೊದಮೊದಲು ಅಂದ್ಕೊಂಡೆ. ಉರುಳಿ ಬಗ್ಗೋದಾದ್ರೆ ಬಾಗಿಲ ಕಡೆಗೆ ಬಗ್ಗಬೇಕಾಗಿತ್ತು. ನೋಡು, ಇದು ಸೀಟಿನ ಕಡೆಗೆ ಬಗ್ಗಿದೆ. ಕೂತವರ ಕಡೆಗೆ."

ಅವಳು ನೋಡಲಿಲ್ಲ.

"ಒಂದು ಕೈಯಲ್ಲಿ ಆಗೋ ಕೆಲಸ ಅಲ್ಲ ಇದು. ಎರಡೂ ಕೈ ಹಾಕಿದ್ದೀಯ. ಎರಡೂ ಕೈ ಹಾಕಬೇಕು ಅಂದ್ರೆ ಸ್ಟಿಯರಿಂಗ್ ಬಿಟ್ಟಿದ್ದೀಯ." ಅಪ್ಪನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹಾಕುವಾಗಿನ ಧ್ವನಿ. "ಎಳೀಲಿಲ್ಲ ಅಂತ ಯಾಕೆ ಸುಳ್ಳು ಹೇಳ್ತೀಯ ಮರಿ?"

ಹೊಸ್ತಿಲ ಮೇಲೆ ಆಲೂಗಡ್ಡೆಯ ಸಿಪ್ಪೆ ಉದ್ದಕ್ಕೆ ಇಳಿಯುತ್ತಿದ್ದದ್ದು ತುಂಡಾಗಿ ಬಿತ್ತು.

ಅಪ್ಪ ಲಿವರನ್ನು ಕೈಯಲ್ಲಿ ತಿರುಗಿಸಿದ. ಬೆರಳು ಬಗ್ಗಿದ ಜಾಗಕ್ಕೆ ಬಂದು ನಿಂತಿತು. ಮಗಳ ಮುಖ ನೋಡಿದ. ಹೆಂಡತಿಯ ಕಡೆ ನೋಡಿದ. ಹೆಂಡತಿ ಪಾತ್ರೆಯೊಳಗೆ ಏನೋ ಹುಡುಕುತ್ತಿದ್ದಳು. ಆಮೇಲೆ ಅವನ ಕಣ್ಣು ನಿಧಾನವಾಗಿ ಗೋಡೆಯ ಕಡೆಗೆ ಹೋಗಿ, ಸುತ್ತಿಗೆ, ಇಕ್ಕಳ, ಗರಗಸಗಳನ್ನು ದಾಟಿ, ಬಲತುದಿಯ ಬಿಳಿ ಆಕಾರದ ಮೇಲೆ ನಿಂತಿತು.

"ಮೊದಲನೇ ಸಲ ಕಿತ್ತೆ" ಎಂದ. ಯಾರಿಗೆ ಹೇಳುತ್ತಿದ್ದನೋ. "ಅದು ಚೆನ್ನಾಗಿ ನೆನಪಿದೆ. ಗುಂಡಿಗೆ ನೇತುಹಾಕ್ಕೊಂಡೆ. ಕೆಂಪು ದೀಪ ಬಂತು. ಹಿಂದಕ್ಕೆ ತಳ್ಳಿದ್ವಿ. ತಳ್ಳಿದ ಮೇಲೆ ಮತ್ತೆ ಹಾಕಿದೆ. ಆ ಡಾಕ್ಟರು ಬಂದು ಬಾಯಿ ತೆಗಿ ಅಂದ್ರು..."

ಅಂಗಿಯ ಎರಡನೇ ಗುಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ಟೀಚರ್ ಒಂದು ಹೆಜ್ಜೆ ಮುಂದೆ ಬಂದಳು. ಅಪ್ಪ ಪಿಸ್ಟನ್ನು ಎತ್ತಿ ಫಾರಂ ತೆಗೆದುಕೊಂಡ. ಒಂದು ಸಲ ಓದಿದ. ಆಮೇಲೆ ಅದರಿಂದಲೇ ಒಂದೊಂದು ಬೆರಳನ್ನೂ ಎಣ್ಣೆ ಹೋಗುವ ತನಕ ಒರೆಸಿಕೊಂಡ. ಸೈನ್ ಹಾಕುವ ಖಾಲಿ ಜಾಗ ಕಪ್ಪಾಯಿತು. ಅದನ್ನು ಮುದ್ದೆ ಮಾಡಿ ಕಸದ ಡಬ್ಬಕ್ಕೆ ಎಸೆದು, ಸ್ಟೂಲಿನ ಮೇಲೆ ಕೂತ.

"ಓಡಿಸಬೇಡ" ಎಂದ. "ಸರಿ."

ದೊಡ್ಡಮ್ಮನ ಹೊಟ್ಟೆಯಿಂದ ಸ್ವಲ್ಪ ಮರಳು ಸುರಿಯಿತು. ಅಮ್ಮನ ಚಾಕು ಅರ್ಧ ಸುಲಿದ ಆಲೂಗಡ್ಡೆಯ ಮೇಲೆ ನಿಂತಿತ್ತು. ಟೀಚರ್ ಅಮ್ಮನ ಕಡೆ ನೋಡಿದಳು, ಅಮ್ಮ ನೆಲ ನೋಡಿದಳು.

"ಅದು ಯಾರ ಹತ್ರ ಇದ್ರೂ ಸರಿ" ಎಂದ ಅಪ್ಪ, ಗೋಡೆಯಿಂದ ಕಣ್ಣು ತೆಗೆಯದೆ. "ತಂದು ಅದರ ಜಾಗಕ್ಕೆ ನೇತುಹಾಕಿ."

ಯಾರೂ ಕದಲಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಇನ್ನೊಂದು ಸಲ, ಮೊದಲಿಗಿಂತ ಮೆಲ್ಲಗೆ ಕೇಳಿದ.

"ತಂದು ಹಾಕ್ರಮ್ಮ."